ಚಿಕ್ಕ ಮಕ್ಕಳಿಗೆ ಟ್ಯೂಬ್ ಹಾಕುವ ಮುನ್ನ ಹ್ಯಾಲೋಥೇನ್ ಮತ್ತು ಸೆವೋಫ್ಲುರೇನ್‌ಗಳನ್ನು ತೂಗಿ ನೋಡುವ ಬಗೆ

ಎರಡು ವರ್ಷದ ಕೂಸಿಗೆ ಹರ್ನಿಯಾ ಅಥವಾ ಸೀಳುತುಟಿಯ ಶಸ್ತ್ರಚಿಕಿತ್ಸೆ ಎಂದಾಗ, ಎಚ್ಚರವಿರುವಾಗಲೇ ಕೈಗೆ ಸೂಜಿ ಚುಚ್ಚುವ ಬದಲು ಮಾಸ್ಕ್ ಹಿಡಿದು ಅರಿವಳಿಕೆಯ ಆವಿ ಉಸಿರಾಡಿಸಿ ಮಲಗಿಸುವುದು, ಮಲಗಿದ ಮೇಲೆ ರಕ್ತನಾಳಕ್ಕೆ ಲೈನ್ ಹಾಕಿ ಶ್ವಾಸನಾಳಕ್ಕೆ ಟ್ಯೂಬ್ ಇಳಿಸುವುದು ಇಂದಿಗೂ ರೂಢಿಯಲ್ಲಿರುವ ಕ್ರಮ. ಯಾವ ಆವಿಯಿಂದ ಮಲಗಿಸಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ವೇಗದ್ದು: ಸೆವೋಫ್ಲುರೇನ್ ಬೇಗ ಮಲಗಿಸುತ್ತದೆ, ಹ್ಯಾಲೋಥೇನ್ ನಿಧಾನ. ಮಾತು ಸುಳ್ಳಲ್ಲ, ಆದರೆ ಅಪೂರ್ಣ. ಮಗು ಕಣ್ಣು ಮುಚ್ಚಿದ ಗಳಿಗೆಗೂ ಧ್ವನಿತಂತುಗಳು ಟ್ಯೂಬನ್ನು ತಡೆಯದೆ ಬಿಟ್ಟುಕೊಡುವ ಗಳಿಗೆಗೂ ನಡುವೆ ಒಂದು ಅಂತರವಿದೆ. ಆ ಅಂತರದಲ್ಲಿ ಯಾವ ಔಷಧಿ ಹೇಗೆ ನಡೆದುಕೊಳ್ಳುತ್ತದೆ, ಆಗ ಹೃದಯದ ಗತಿ ಏನಾಗುತ್ತದೆ ಎಂಬುದೇ ನಿಜವಾದ ಹೋಲಿಕೆ.

ಕಲಬುರಗಿ, ಬೀದರ್, ಯಾದಗಿರಿಗಳ ಬೋಧನಾ ಆಸ್ಪತ್ರೆಗಳಲ್ಲಿ ಅರಿವಳಿಕೆ ತರಬೇತಿ ಪಡೆಯುತ್ತಿರುವವರನ್ನೂ ತಾಲೂಕು ಆಸ್ಪತ್ರೆಗಳಲ್ಲಿ ಒಬ್ಬರೇ ಕೆಲಸ ಮಾಡಬೇಕಾದ ಕಿರಿಯ ತಜ್ಞರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಮಕ್ಕಳ ಅರಿವಳಿಕೆಯನ್ನು ಹಿರಿಯರ ಎದುರಿನಲ್ಲಿ ಕಲಿಯಬೇಕೇ ಹೊರತು ಓದಿ ಕಲಿಯಲಾಗದು. ಇಲ್ಲಿನ ಪ್ರಮಾಣಗಳನ್ನೂ ನಿಮ್ಮ ವಿಭಾಗದ ಪದ್ಧತಿಯೊಂದಿಗೆ ತಾಳೆ ನೋಡಿಯೇ ಬಳಸಬೇಕು.

ಡಯಲ್‌ನ ಅಂಕಿಯನ್ನು ಓದುವುದು

ಎರಡು ಆವಿಗಳನ್ನು ಹೋಲಿಸಲು ಮೊದಲು ಅವುಗಳನ್ನು ಒಂದೇ ಅಳತೆಗೆ ತರಬೇಕು. ಆ ಅಳತೆಗೆ ಮ್ಯಾಕ್ ಎಂದು ಹೆಸರು. ಚರ್ಮಕ್ಕೆ ಕತ್ತಿ ತಾಗಿದಾಗ ನೂರರಲ್ಲಿ ಐವತ್ತು ರೋಗಿಗಳು ಅಲುಗದಿರಲು ಶ್ವಾಸಕೋಶದ ಗಾಳಿಗೂಡುಗಳಲ್ಲಿ ಆವಿ ಎಷ್ಟು ಪ್ರತಿಶತ ಇರಬೇಕೋ ಅದೇ ಮ್ಯಾಕ್. ಹ್ಯಾಲೋಥೇನ್‌ನ ಮ್ಯಾಕ್ ಒಂದು ವರ್ಷ ದಾಟಿದ ಮಕ್ಕಳಲ್ಲಿ ಸುಮಾರು 0.9, ಒಂದರಿಂದ ಆರು ತಿಂಗಳ ಶಿಶುಗಳಲ್ಲಿ ಇದಕ್ಕಿಂತ ಹೆಚ್ಚು, 1.1ರ ಆಚೀಚೆ. ಸೆವೋಫ್ಲುರೇನ್‌ನದು ಆರು ತಿಂಗಳವರೆಗೆ 3.2ರಿಂದ 3.3, ಅಲ್ಲಿಂದ ಹನ್ನೆರಡು ವರ್ಷದವರೆಗೆ 2.5. ವಯಸ್ಕರಲ್ಲಿ ಇವೇ ಅಂಕಿಗಳು 0.75 ಮತ್ತು 2. ಅಂದರೆ ಚಿಕ್ಕ ಮಗುವಿಗೆ ದೊಡ್ಡವರಿಗಿಂತ ಹೆಚ್ಚು ಆವಿ ಬೇಕು.

ಟ್ಯೂಬ್ ಹಾಕಲು ಇಷ್ಟೂ ಸಾಲದು. ಕತ್ತಿಯ ಗಾಯಕ್ಕಿಂತ, ಧ್ವನಿತಂತು ಕಾಣುವಂತೆ ನಾಲಿಗೆ ಎತ್ತುವ ಲ್ಯಾರಿಂಗೋಸ್ಕೋಪ್‌ನ ಬ್ಲೇಡ್ ಮತ್ತು ಧ್ವನಿತಂತುಗಳ ನಡುವೆ ನುಗ್ಗುವ ಟ್ಯೂಬ್ ದೇಹವನ್ನು ಹೆಚ್ಚು ಕೆರಳಿಸುತ್ತವೆ. ಸ್ನಾಯು ಸಡಿಲಿಸುವ ಔಷಧಿಯಿಲ್ಲದೆ ಆವಿಯೊಂದರಿಂದಲೇ ಟ್ಯೂಬ್ ಹಾಕಲು ಬೇಕಾಗುವ ಪ್ರಮಾಣ, ಮಕ್ಕಳಲ್ಲಿ ಹ್ಯಾಲೋಥೇನ್‌ಗೆ 1.3ರಿಂದ 1.4 ಪ್ರತಿಶತ, ಸೆವೋಫ್ಲುರೇನ್‌ಗೆ 2.7ರಿಂದ 2.8 ಪ್ರತಿಶತದ ಆಸುಪಾಸಿನಲ್ಲಿದೆ. ಇವೂ ಅರ್ಧದಷ್ಟು ಮಕ್ಕಳಿಗೆ ಮಾತ್ರ ಸಾಲುವ ಅಂಕಿಗಳು. ಅದೂ ಗಾಳಿಗೂಡು, ರಕ್ತ, ಮಿದುಳು ಮೂರರಲ್ಲೂ ಆವಿಯ ಒತ್ತಡ ಸಮನಾಗುವವರೆಗೆ ಕಾದು ಅಳೆದವು. ಪ್ರತಿಯೊಂದು ಮಗುವಿನಲ್ಲೂ ಸುರಕ್ಷಿತವಾಗಿ ಕೆಲಸ ಆಗಬೇಕಾದ ನಮಗೆ ಇದಕ್ಕಿಂತ ಸಾಕಷ್ಟು ಮೇಲಿನ ಮಟ್ಟ ಬೇಕು.

ಈಗ ದ್ರವವನ್ನು ಆವಿ ಮಾಡಿ ಡಯಲ್ ತೋರಿಸುವಷ್ಟು ಬಿಡುವ ವೇಪರೈಸರ್ ಕಡೆ ನೋಡಿ. ಹ್ಯಾಲೋಥೇನ್ ವೇಪರೈಸರ್‌ನ ತುದಿ 5 ಪ್ರತಿಶತ, ಸೆವೋಫ್ಲುರೇನ್‌ನದು 8. ನೋಡುವ ಕಣ್ಣಿಗೆ 8 ದೊಡ್ಡದು. ಆದರೆ 5ನ್ನು 0.9ರಿಂದ ಭಾಗಿಸಿದರೆ ಐದೂವರೆ ಮ್ಯಾಕ್, 8ನ್ನು 2.5ರಿಂದ ಭಾಗಿಸಿದರೆ ಮೂರು ಚಿಲ್ಲರೆ ಮ್ಯಾಕ್. ಹಾಗಾಗಿ ಎರಡೂ ಡಯಲ್‌ಗಳನ್ನು ಕೊನೆಯವರೆಗೆ ತಿರುಗಿಸಿದಾಗ ಹ್ಯಾಲೋಥೇನ್ ಮಗುವಿನ ಮೇಲೆ ಹೇರಬಲ್ಲ ಭಾರ ಸೆವೋಫ್ಲುರೇನ್‌ನದಕ್ಕಿಂತ ಒಂದೂವರೆ ಪಟ್ಟು ಮೀರಿದ್ದು. ಈ ಎರಡು ಔಷಧಿಗಳ ಬಗ್ಗೆ ಒಂದೇ ಒಂದು ಲೆಕ್ಕವನ್ನು ನೆನಪಿಡುವುದಾದರೆ ಇದನ್ನೇ ಇಡಬೇಕು ಎಂಬುದು ನನ್ನ ಅಭಿಪ್ರಾಯ.

ವೇಗ ಎಲ್ಲಿಂದ ಬರುತ್ತದೆ

ರಕ್ತದಲ್ಲಿ ಕಡಿಮೆ ಕರಗುವ ಆವಿ ಗಾಳಿಗೂಡಿನಲ್ಲಿ ಬೇಗ ತುಂಬಿಕೊಳ್ಳುತ್ತದೆ, ಮಿದುಳನ್ನೂ ಬೇಗ ತಲುಪುತ್ತದೆ. ರಕ್ತ ಮತ್ತು ಅನಿಲದ ನಡುವಿನ ಹಂಚಿಕೆಯ ಅಂಕಿ ಹ್ಯಾಲೋಥೇನ್‌ಗೆ 2.4, ಸೆವೋಫ್ಲುರೇನ್‌ಗೆ 0.65. ಇದರ ಜೊತೆಗೆ ಶಿಶುವಿನ ದೇಹರಚನೆಯೂ ಸೇರುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿಗೆ ಹೋಲಿಸಿದರೆ ಪ್ರತಿ ನಿಮಿಷ ಗಾಳಿಗೂಡಿಗೆ ಹೋಗಿಬರುವ ಗಾಳಿ ಶಿಶುವಿನಲ್ಲಿ ಸುಮಾರು ಐದು ಪಟ್ಟು, ವಯಸ್ಕರಲ್ಲಿ ಒಂದೂವರೆ ಪಟ್ಟು. ಆದ್ದರಿಂದ ಯಾವ ಆವಿಯೇ ಆಗಲಿ ಕೂಸಿನಲ್ಲಿ ಬೇಗ ಏರುತ್ತದೆ. ಇದೇ ರಚನೆಯ ಇನ್ನೊಂದು ಮುಖವೆಂದರೆ ಮಗುವಿನ ಆಮ್ಲಜನಕದ ಕೂಡಿಟ್ಟ ಗಂಟು ಸಣ್ಣದು. ಪ್ರತಿ ಕಿಲೋ ತೂಕಕ್ಕೆ ಖರ್ಚು ಮಾತ್ರ ವಯಸ್ಕರ ಎರಡರಷ್ಟು. ಉಸಿರು ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಸ್ಯಾಚುರೇಷನ್, ಅಂದರೆ ರಕ್ತದ ಆಮ್ಲಜನಕದ ಮಟ್ಟ, ಕುಸಿಯುತ್ತದೆ.

ಸೆವೋಫ್ಲುರೇನ್‌ನಲ್ಲಿ ಕಣ್ಣೆವೆ ಮುಟ್ಟಿದರೆ ಮಿಟುಕುವ ಪ್ರತಿಕ್ರಿಯೆ ಸುಮಾರು ಒಂದು ನಿಮಿಷದಲ್ಲಿ ಹೋಗುತ್ತದೆ. ಹ್ಯಾಲೋಥೇನ್‌ನಲ್ಲಿ ಅದಕ್ಕೆ ಇನ್ನೂ ಹೆಚ್ಚು ಸಮಯ ಬೇಕು. ಹೊಸಬರು ಎಡವುವುದು ಇಲ್ಲೇ. ಕಣ್ಣೆವೆ ಮಿಟುಕಲಿಲ್ಲ ಎಂದರೆ ಮಗು ಮಲಗಿದೆ ಎಂದಷ್ಟೇ ಅರ್ಥ, ಟ್ಯೂಬಿಗೆ ಸಿದ್ಧವಾಗಿದೆ ಎಂದಲ್ಲ. ಸೆವೋಫ್ಲುರೇನ್ ಒಂದರಿಂದಲೇ ಟ್ಯೂಬ್ ಹಾಕುವುದಾದರೆ 8 ಪ್ರತಿಶತದಲ್ಲಿ ಮೂರರಿಂದ ನಾಲ್ಕು ನಿಮಿಷವಾದರೂ ಕಾಯಬೇಕು; ಹ್ಯಾಲೋಥೇನ್‌ನಲ್ಲಿ ಐದು ನಿಮಿಷ ಅಥವಾ ಅದಕ್ಕಿಂತ ಹೆಚ್ಚು.

ಇನ್ನೊಂದು ವ್ಯತ್ಯಾಸವನ್ನು ಪಠ್ಯಪುಸ್ತಕಗಳು ಅಷ್ಟಾಗಿ ಒತ್ತಿ ಹೇಳುವುದಿಲ್ಲ. ಬೇಗ ಬರುವ ಆವಿ ಬೇಗ ಹೋಗುತ್ತದೆ. ಲ್ಯಾರಿಂಗೋಸ್ಕೋಪ್ ಹಿಡಿಯಲು ಮಾಸ್ಕ್ ತೆಗೆದ ಕ್ಷಣದಿಂದ ಸೆವೋಫ್ಲುರೇನ್‌ನ ಆಳ ಇಳಿಯತೊಡಗುತ್ತದೆ. ನೋಟ ಸಿಗದೆ ತಡವಾದರೆ, ಮೊದಲ ಪ್ರಯತ್ನದಲ್ಲಿ ಸಡಿಲವಾಗಿದ್ದ ಧ್ವನಿತಂತುಗಳು ಎರಡನೆಯ ಪ್ರಯತ್ನದ ವೇಳೆಗೆ ಮುಚ್ಚಿಕೊಂಡಿರಬಹುದು. ಹ್ಯಾಲೋಥೇನ್ ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ. ಸಿಕ್ಕಿಹಾಕಿಕೊಂಡ ಶೇಂಗಾ ಬೀಜವನ್ನು ಶ್ವಾಸನಾಳದಿಂದ ತೆಗೆಯುವಂಥ, ಪದೇ ಪದೇ ಮಾಸ್ಕ್ ತೆಗೆಯಬೇಕಾದ ಕೆಲಸಗಳಲ್ಲಿ ಹಿರಿಯ ತಜ್ಞರು ಹ್ಯಾಲೋಥೇನ್‌ನ್ನು ಬಹುಕಾಲ ಬಿಟ್ಟುಕೊಡದಿದ್ದುದಕ್ಕೆ ಇದೇ ಕಾರಣ. ಅವರದು ಹಳೆಯದರ ಮೇಲಿನ ಮೋಹವಾಗಿರಲಿಲ್ಲ.

ಹೃದಯದ ವಿಚಾರ

ಹಾಗಿದ್ದರೂ ನಾನು ಸೆವೋಫ್ಲುರೇನ್ ಪರವಾಗಿಯೇ ನಿಲ್ಲುತ್ತೇನೆ. ಕಾರಣ ವೇಗವಲ್ಲ, ಹೃದಯ. ಶಿಶುವಿನ ಹೃದಯ ಪ್ರತಿ ಬಡಿತಕ್ಕೆ ತಳ್ಳುವ ರಕ್ತದ ಪ್ರಮಾಣವನ್ನು ಹೆಚ್ಚಿಸಿಕೊಳ್ಳುವ ಶಕ್ತಿ ಕಡಿಮೆ. ರಕ್ತಸಂಚಾರ ಬಡಿತದ ಸಂಖ್ಯೆಯ ಮೇಲೆಯೇ ನಿಂತಿದೆ. ಹ್ಯಾಲೋಥೇನ್ ಬಡಿತವನ್ನೂ ಇಳಿಸುತ್ತದೆ, ಹೃದಯದ ಸ್ನಾಯು ಕುಗ್ಗುವ ಬಲವನ್ನೂ ಇಳಿಸುತ್ತದೆ. ಸೆವೋಫ್ಲುರೇನ್ ರಕ್ತದೊತ್ತಡವನ್ನು ತಗ್ಗಿಸಿದರೂ ಬಡಿತವನ್ನು ಬಹುಮಟ್ಟಿಗೆ ಉಳಿಸುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳು ಇದಕ್ಕೆ ಅಪವಾದ: ಅವರಲ್ಲಿ ಸೆವೋಫ್ಲುರೇನ್ ಕೊಟ್ಟಾಗಲೂ ಬಡಿತ ಇಳಿಯುವುದು ಸಾಮಾನ್ಯ, ಆದ್ದರಿಂದ ಬಡಿತ ಏರಿಸುವ ಅಟ್ರೋಪಿನ್ ಸಿರಿಂಜ್‌ನಲ್ಲಿ ತುಂಬಿಯೇ ಇರಬೇಕು. ಅಮೆರಿಕ ಮತ್ತು ಕೆನಡಾದಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆಯ ವೇಳೆ ಹೃದಯ ನಿಂತ ಪ್ರಕರಣಗಳನ್ನು ದಾಖಲಿಸುವ ಪೋಕಾ ರಿಜಿಸ್ಟ್ರಿಯಲ್ಲಿ, 1994ರಿಂದ 1997ರ ಅವಧಿಯಲ್ಲಿ ಅರಿವಳಿಕೆಗೆ ಸಂಬಂಧಿಸಿದ ಪ್ರಕರಣಗಳ ಪೈಕಿ 37 ಪ್ರತಿಶತಕ್ಕೆ ಔಷಧಿಗಳೇ ಕಾರಣವಾಗಿದ್ದವು. ಅದರಲ್ಲಿ ಹ್ಯಾಲೋಥೇನ್‌ನ ಪಾಲು ದೊಡ್ಡದು. 1998ರಿಂದ 2004ರ ದಾಖಲೆಯಲ್ಲಿ ಔಷಧಿಯ ಪಾಲು 18 ಪ್ರತಿಶತಕ್ಕೆ ಇಳಿಯಿತು. ಈ ನಡುವೆ ಅಲ್ಲಿ ಹ್ಯಾಲೋಥೇನ್‌ನ ಜಾಗಕ್ಕೆ ಸೆವೋಫ್ಲುರೇನ್ ಬಂದಿತ್ತು.

ಅಪಾಯ ಹೆಚ್ಚುವುದು ಚೀಲ ಹಿಂಡಿ ಉಸಿರು ಕೊಡುವಾಗ. ಮಗು ತಾನೇ ಉಸಿರಾಡುತ್ತಿದ್ದರೆ ಆಳ ಹೆಚ್ಚಿದಂತೆ ಉಸಿರು ಚಿಕ್ಕದಾಗುತ್ತದೆ, ಒಳಗೆ ಹೋಗುವ ಆವಿಯೂ ತಾನಾಗಿ ಕಡಿಮೆಯಾಗುತ್ತದೆ. ನಾವು ಚೀಲ ಹಿಂಡತೊಡಗಿದರೆ ಆ ತಡೆ ಹೋಗುತ್ತದೆ. ಹ್ಯಾಲೋಥೇನ್ ಡಯಲ್ ತುದಿಯಲ್ಲೇ ಇದ್ದರೆ ಪ್ರತಿ ಹಿಂಡಿಗೂ ಐದು ಮ್ಯಾಕ್‌ನ ಆವಿ ನೇರವಾಗಿ ಹೃದಯಕ್ಕೆ ಹೋಗುತ್ತದೆ. ಚೀಲಕ್ಕೆ ಕೈ ಹಾಕುವ ಮುನ್ನ ಡಯಲ್‌ನ್ನು ಇಳಿಸಬೇಕೆಂಬುದು ಎರಡೂ ಆವಿಗಳಿಗೆ ಅನ್ವಯಿಸುತ್ತದೆ, ಆದರೆ ಹ್ಯಾಲೋಥೇನ್‌ನಲ್ಲಿ ಇದನ್ನು ಮರೆತರೆ ಕ್ಷಮೆಯಿಲ್ಲ.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಆಯಾಮವಿದೆ. ಔರಾದ, ಚಿಂಚೋಳಿ, ಸುರಪುರ, ಶಹಾಪುರ ಕಡೆಯಿಂದ ನಸುಕಿನ ಬಸ್ಸಿಗೆ ಬರುವ ಮಗು ಎಷ್ಟೋ ಸಲ ಹಿಂದಿನ ರಾತ್ರಿಯಿಂದ ನೀರನ್ನೂ ಕುಡಿದಿರುವುದಿಲ್ಲ. ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಟೇಬಲ್ ಮೇಲೆ ಬರುವ ವೇಳೆಗೆ ಅದರ ದೇಹದಲ್ಲಿ ನೀರೇ ಕಡಿಮೆ. ಇಂಥ ಮಗುವಿನ ರಕ್ತದೊತ್ತಡ ಯಾವ ಆವಿಗಾದರೂ ಕುಸಿಯುತ್ತದೆ, ಹ್ಯಾಲೋಥೇನ್‌ಗೆ ಇನ್ನೂ ಬೇಗ. ತಿಳಿಯಾದ ನೀರು, ಸಕ್ಕರೆ ನೀರನ್ನು ಎರಡು ಗಂಟೆ ಮುಂಚಿನವರೆಗೂ ಕೊಡಬಹುದು; ಎದೆಹಾಲಿಗೆ ನಾಲ್ಕು ಗಂಟೆ, ದನದ ಹಾಲು ಮತ್ತು ಗಟ್ಟಿ ಆಹಾರಕ್ಕೆ ಆರು ಗಂಟೆ ಬಿಡುವಿರಬೇಕು. ಇದನ್ನು ಹಿಂದಿನ ದಿನವೇ ಹೇಳಿ ಕಳಿಸಬೇಕು. ಕೇಳುವಾಗಲೂ "ಊಟ ಆಗೇದೇನು?" ಎಂದು ಕೇಳಿದರೆ ಪ್ರಯೋಜನವಿಲ್ಲ. "ಏನೂ ಕೊಟ್ಟಿಲ್ರೀ, ಬರೇ ಚಾ ಬಿಸ್ಕಿಟ್" ಎಂಬ ಉತ್ತರ ಬರುತ್ತದೆ, ಏಕೆಂದರೆ ಮನೆಯ ಲೆಕ್ಕದಲ್ಲಿ ಚಹಾ ಊಟವಲ್ಲ. "ಯವ್ವಾ, ಮುಂಜಾನಿಂದ ಕೂಸಿನ ಬಾಯಾಗ ಏನೇನು ಹಾಕೀರಿ?" ಎಂದು ಕೇಳಿ, ಹಾಲು, ಚಹಾ, ರೊಟ್ಟಿಯ ಚೂರು ಎಂದು ಒಂದೊಂದಾಗಿ ಹೆಸರಿಸಿ ಖಚಿತಪಡಿಸಿಕೊಳ್ಳಬೇಕು.

ಉಳಿದ ಎರಡು ಆವಿಗಳು

ಐಸೋಫ್ಲುರೇನ್ ಮತ್ತು ಡೆಸ್‌ಫ್ಲುರೇನ್ ಮಾಸ್ಕ್ ಹಿಡಿದು ಮಲಗಿಸಲು ತಕ್ಕವಲ್ಲ. ಎರಡೂ ಗಂಟಲನ್ನು ಕೆರಳಿಸುತ್ತವೆ. ಕೆಮ್ಮು, ಉಸಿರು ಕಟ್ಟುವುದು, ಧ್ವನಿತಂತು ಬಿಗಿದುಕೊಳ್ಳುವ ಲ್ಯಾರಿಂಗೋಸ್ಪಾಸಮ್ ಡೆಸ್‌ಫ್ಲುರೇನ್‌ನಲ್ಲಿ ತೀರ ಹೆಚ್ಚು. ಡೆಸ್‌ಫ್ಲುರೇನ್ 23 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ಅದಕ್ಕೆ ವಿದ್ಯುತ್ತಿನಿಂದ ಬಿಸಿಯಾಗುವ ಪ್ರತ್ಯೇಕ ವೇಪರೈಸರ್ ಬೇಕು. ಟ್ಯೂಬ್ ಕುಳಿತ ಮೇಲೆ ಅರಿವಳಿಕೆ ಮುಂದುವರಿಸಲು ಐಸೋಫ್ಲುರೇನ್ ಒಳ್ಳೆಯ, ಅಗ್ಗದ ಔಷಧಿ. ಇಲ್ಲಿಗೆ ಅವುಗಳ ಮಾತು ಸಾಕು.

ಮಲಗಿಸಿ ಟ್ಯೂಬ್ ಹಾಕುವ ಕ್ರಮ

ಮಗುವನ್ನು ತಕ್ಕಡಿಯಲ್ಲಿ ತೂಗಿಸಿ. ವಯಸ್ಸಿಗೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸುವ ಸೂತ್ರ ನಮ್ಮ ಹಳ್ಳಿಗಳ ಸೊರಗಿದ ಮಕ್ಕಳಲ್ಲಿ ತೂಕವನ್ನು ಹೆಚ್ಚಾಗಿ ತೋರಿಸುತ್ತದೆ, ಔಷಧಿಯೂ ಹೆಚ್ಚಾಗುತ್ತದೆ. ನೆಗಡಿ, ಜ್ವರ, ಕಫದ ಕೆಮ್ಮು ಇದ್ದರೆ ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಎರಡು ವಾರ ಮುಂದೂಡುವುದು ಲೇಸು. ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಲ್ಲಿ ವಿಪರೀತ ಜ್ವರ ಬಂದಿತ್ತೇ, ಸ್ನಾಯು ಸವೆಯುವ ಕಾಯಿಲೆ ಇದೆಯೇ ಎಂದು ಕೇಳಲೇಬೇಕು. ಇದ್ದರೆ ಯಾವ ಆವಿಯೂ ಬೇಡ, ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೂಡ ಬೇಡ.

ಟ್ಯೂಬಿನ ಅಳತೆಗೆ ಎರಡು ವರ್ಷ ದಾಟಿದವರಲ್ಲಿ ವಯಸ್ಸನ್ನು ನಾಲ್ಕರಿಂದ ಭಾಗಿಸಿ, ಕಫ್ (ಟ್ಯೂಬಿನ ಸುತ್ತ ಗಾಳಿ ತುಂಬಿ ಉಬ್ಬಿಸುವ ಪಟ್ಟಿ) ಇಲ್ಲದ್ದಕ್ಕೆ 4, ಕಫ್ ಇರುವುದಕ್ಕೆ 3.5 ಕೂಡಿಸಬೇಕು. ಅರ್ಧ ಅಳತೆ ಚಿಕ್ಕದು ಒಂದು, ದೊಡ್ಡದು ಒಂದು ಕೈಗೆ ಸಿಗುವಂತೆ ಇರಲಿ. ಬಾಯಿಯ ಜೊಲ್ಲು, ಕಫ ಹೀರುವ ಸಕ್ಷನ್ ನಡೆಯುತ್ತಿರುವುದನ್ನು ಕಿವಿಯಿಂದ ಕೇಳಿ ಖಚಿತಪಡಿಸಿಕೊಳ್ಳಿ. ಅಟ್ರೋಪಿನ್ ಕಿಲೋಗೆ 0.02 ಮಿಲಿಗ್ರಾಂ, ಸಕ್ಸಿನೈಲ್‌ಕೋಲಿನ್, ಮಲಗಿಸುವ ಪ್ರೊಪೊಫಾಲ್ ಇವು ಮಗುವಿನ ತೂಕಕ್ಕೆ ಲೆಕ್ಕ ಹಾಕಿ, ಹೆಸರು ಬರೆದು ಸಿರಿಂಜ್‌ನಲ್ಲಿ ಸಿದ್ಧವಾಗಿರಬೇಕು.

ಸೆವೋಫ್ಲುರೇನ್ ಆದರೆ ಮೊದಲೇ ಉಸಿರಿನ ಕೊಳವೆಗಳ ಸರ್ಕ್ಯೂಟ್‌ನಲ್ಲಿ 8 ಪ್ರತಿಶತ ತುಂಬಿಸಿಟ್ಟುಕೊಂಡು, ಆಮ್ಲಜನಕ ನಿಮಿಷಕ್ಕೆ 5ರಿಂದ 6 ಲೀಟರ್ ಹರಿಸಿ ಮಾಸ್ಕ್ ಇಡಬಹುದು. ಇದರ ವಾಸನೆ ಮಕ್ಕಳು ತಾಳುವಂಥದ್ದು, ಹಂತಹಂತವಾಗಿ ಏರಿಸುವ ಅಗತ್ಯವಿಲ್ಲ. ಹ್ಯಾಲೋಥೇನ್ ಆದರೆ 0.5ರಿಂದ ಆರಂಭಿಸಿ ಮೂರ್ನಾಲ್ಕು ಉಸಿರಿಗೊಮ್ಮೆ ಅರ್ಧ ಅರ್ಧ ಏರಿಸುತ್ತ ಹೋಗಬೇಕು. ನೈಟ್ರಸ್ ಆಕ್ಸೈಡ್ ಸೇರಿಸುವ ರೂಢಿಯಿದ್ದರೆ ಒಂದು ಮಾತು: ಮಕ್ಕಳಲ್ಲಿ 60 ಪ್ರತಿಶತ ನೈಟ್ರಸ್ ಸೆವೋಫ್ಲುರೇನ್‌ನ ಅಗತ್ಯವನ್ನು ಕಾಲುಭಾಗ ಮಾತ್ರ ಇಳಿಸುತ್ತದೆ, ಹ್ಯಾಲೋಥೇನ್‌ನಲ್ಲಿ ಇದರ ಲಾಭ ಹೆಚ್ಚು. ಹೇಗಿದ್ದರೂ ಲ್ಯಾರಿಂಗೋಸ್ಕೋಪ್‌ಗೆ ಮುನ್ನ ಅದನ್ನು ನಿಲ್ಲಿಸಿ ಶ್ವಾಸಕೋಶಕ್ಕೆ ಶುದ್ಧ ಆಮ್ಲಜನಕ ತುಂಬಬೇಕು.

ಕಣ್ಣೆವೆಯ ಪ್ರತಿಕ್ರಿಯೆ ಹೋದ ಮೇಲೆ ಮಗು ಕೈಕಾಲು ಆಡಿಸುವ, ಉಸಿರು ಏರುಪೇರಾಗುವ ಒಂದು ಘಟ್ಟ ಬರುತ್ತದೆ. ಸೆವೋಫ್ಲುರೇನ್‌ನಲ್ಲಿ ಇದು ಬೇಗ ದಾಟಿಹೋಗುತ್ತದೆ, ಹ್ಯಾಲೋಥೇನ್‌ನಲ್ಲಿ ಎಳೆಯುತ್ತದೆ. ಈ ಘಟ್ಟದಲ್ಲಿ ಲೈನ್ ಹಾಕಲು ಚುಚ್ಚಬಾರದು, ನಾಲಿಗೆ ಹಿಂದೆ ಬೀಳದಂತೆ ಬಾಯಲ್ಲಿ ಇಡುವ ಏರ್‌ವೇ ಹಾಕಬಾರದು. ಉಸಿರು ಒಂದೇ ಲಯಕ್ಕೆ ಬಂದು ದವಡೆ ಸಡಿಲಾದ ಮೇಲೆ ಲೈನ್ ಹಾಕಬೇಕು. ಲೈನ್ ಇಲ್ಲದೆ ಲ್ಯಾರಿಂಗೋಸ್ಕೋಪ್ ಎತ್ತಬಾರದು.

ಆವಿಯೊಂದರಿಂದಲೇ ಟ್ಯೂಬ್ ಹಾಕುವುದಾದರೆ ಕಣ್ಣುಗುಡ್ಡೆಗಳು ನಟ್ಟನಡುವೆ ನಿಂತಿವೆಯೇ, ಪಾಪೆ ಚಿಕ್ಕದಾಗಿದೆಯೇ, ಹೊಟ್ಟೆಯ ಸ್ನಾಯು ಮೆತ್ತಗಾಗಿದೆಯೇ ಎಂದು ನೋಡಿ. ಮಾನಿಟರ್ ಇದ್ದರೆ ಉಸಿರು ಬಿಟ್ಟ ಕೊನೆಯ (ಎಂಡ್-ಟೈಡಲ್) ಸೆವೋಫ್ಲುರೇನ್ ಅಳತೆ 4 ಪ್ರತಿಶತ ದಾಟಿರಲಿ. ಆ ಅಂಕಿ ಮುಟ್ಟಿದ ಕೂಡಲೇ ಅಲ್ಲ, ಸ್ವಲ್ಪ ಹೊತ್ತು ಅಲ್ಲೇ ನಿಂತ ಮೇಲೆ ಕೈ ಹಾಕಿ. ನನ್ನನ್ನು ಕೇಳಿದರೆ, ಕಷ್ಟದ ಶ್ವಾಸಮಾರ್ಗವೆಂಬ ಅನುಮಾನವಿಲ್ಲದ ಮಗುವಿನಲ್ಲಿ ಆವಿಯೊಂದನ್ನೇ ನೆಚ್ಚುವ ಹಟ ಬೇಡ. ಚೀಲದಿಂದ ಉಸಿರು ಸಲೀಸಾಗಿ ಹೋಗುತ್ತದೆ ಎಂದು ಖಚಿತವಾದ ಮೇಲೆ ನೋವು ತಡೆಯುವ ಫೆಂಟನಿಲ್ ಕಿಲೋಗೆ 1ರಿಂದ 2 ಮೈಕ್ರೋಗ್ರಾಂ ಜೊತೆ ಪ್ರೊಪೊಫಾಲ್ ಕಿಲೋಗೆ 1ರಿಂದ 2 ಮಿಲಿಗ್ರಾಂ, ಇಲ್ಲವೇ ಸ್ನಾಯು ಸಡಿಲಿಸುವ ಅಟ್ರಾಕ್ಯೂರಿಯಂ ಕಿಲೋಗೆ 0.5 ಮಿಲಿಗ್ರಾಂ ಕೊಟ್ಟರೆ, ಆವಿಯನ್ನು ಅಪಾಯದ ಮಟ್ಟಕ್ಕೆ ಏರಿಸದೆಯೇ ಒಳ್ಳೆಯ ನೋಟ ಸಿಗುತ್ತದೆ. ಟ್ಯೂಬ್ ಹೋದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಗೆರೆ ನೋಡಿ, ಎರಡೂ ಬದಿಗೆ ಉಸಿರಿನ ಸದ್ದು ಕೇಳಿ, ಸೆವೋಫ್ಲುರೇನ್ ಡಯಲ್‌ನ್ನು 2 ಮತ್ತು 3ರ ನಡುವಿಗೆ ಇಳಿಸಿ. ಟ್ಯೂಬಿಗೆ ಟೇಪ್ ಹಚ್ಚುವ ಗಡಿಬಿಡಿಯಲ್ಲಿ ಡಯಲ್ 8ರಲ್ಲೇ ಉಳಿದುಬಿಡುವುದು ಅಪರೂಪವಲ್ಲ.

ಧ್ವನಿತಂತು ಬಿಗಿದುಕೊಂಡರೆ

ಲ್ಯಾರಿಂಗೋಸ್ಪಾಸಮ್ ಆದಾಗ ಮೊದಲು ಕೆರಳಿಸುವುದನ್ನೆಲ್ಲ ನಿಲ್ಲಿಸಿ, ನೂರು ಪ್ರತಿಶತ ಆಮ್ಲಜನಕ, ಬಿಗಿಯಾದ ಮಾಸ್ಕ್, ದವಡೆ ಮುಂದಕ್ಕೆ, ಸತತ ಒತ್ತಡ. ಬಲವಾಗಿ ಚೀಲ ಹಿಂಡಿದರೆ ಗಾಳಿ ಹೊಟ್ಟೆಗೆ ಹೋಗುತ್ತದೆ ಅಷ್ಟೇ. ಬಿಡದಿದ್ದರೆ ಪ್ರೊಪೊಫಾಲ್ ಕಿಲೋಗೆ 0.5ರಿಂದ 1 ಮಿಲಿಗ್ರಾಂ; ಸ್ಯಾಚುರೇಷನ್ ಇಳಿಯುತ್ತಿದ್ದರೆ ಅಟ್ರೋಪಿನ್ ಜೊತೆ ಸಕ್ಸಿನೈಲ್‌ಕೋಲಿನ್ ಕಿಲೋಗೆ 1ರಿಂದ 2 ಮಿಲಿಗ್ರಾಂ. ಲೈನ್ ಸಿಗದಿದ್ದರೆ ಸ್ನಾಯುವಿಗೆ ಕಿಲೋಗೆ 4 ಮಿಲಿಗ್ರಾಂ. ಪೂರ್ತಿ ಬಿಗಿದ ಗಂಟಲಿನಲ್ಲಿ ಆವಿ ಹೆಚ್ಚಿಸಿ ಪ್ರಯೋಜನವಿಲ್ಲ, ಅದು ಒಳಗೇ ಹೋಗುವುದಿಲ್ಲ.

ಬಿಸಿಲು, ಬಾಟಲಿ, ಖರ್ಚು

ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ ಎಂಬುದು ವೇಪರೈಸರ್‌ನ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಮಾಡುವುದಿಲ್ಲ. ಬಿಸಿಲು ಮಾಡುತ್ತದೆ. ತಾಪಮಾನವನ್ನು ತಾನೇ ಸರಿದೂಗಿಸಿಕೊಳ್ಳದ ಹಳೆಯ ವೇಪರೈಸರ್‌ಗಳು ಬಿಸಿ ಕೋಣೆಯಲ್ಲಿ ಡಯಲ್ ತೋರಿಸುವುದಕ್ಕಿಂತ ಹೆಚ್ಚು ಆವಿ ಬಿಡುತ್ತವೆ. ಏಸಿ ಕೆಟ್ಟ ದಿನ ಅಂಥದ್ದನ್ನು ಕೂಸಿಗೆ ಬಳಸಬೇಡಿ. ಹ್ಯಾಲೋಥೇನ್‌ನಲ್ಲಿ ಕೆಡದಂತೆ ಸೇರಿಸಿರುವ ಥೈಮಾಲ್ ಆವಿಯಾಗದೆ ತಳದಲ್ಲಿ ಉಳಿದು ದ್ರವವನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ, ಡಯಲ್ ಅಂಟಿಕೊಳ್ಳುತ್ತದೆ. ಆಗಾಗ ಖಾಲಿ ಮಾಡಿ ಹೊಸದು ತುಂಬಬೇಕು. ಸೆವೋಫ್ಲುರೇನ್ ವೇಪರೈಸರ್‌ಗೆ ಹ್ಯಾಲೋಥೇನ್ ಸುರಿದರೆ, ಅದು ಹೆಚ್ಚು ಬೇಗ ಆವಿಯಾಗುವುದರಿಂದ, ಮಾರಕ ಪ್ರಮಾಣ ಹೊರಬರಬಹುದು.

ಸೆವೋಫ್ಲುರೇನ್ ದುಬಾರಿ ಎಂಬ ದೂರಿಗೆ ಲೆಕ್ಕದಿಂದಲೇ ಉತ್ತರ ಕೊಡಬಹುದು. ನಿಮಿಷಕ್ಕೆ ಹರಿಯುವ ಲೀಟರ್, ಡಯಲ್‌ನ ಪ್ರತಿಶತ ಎರಡನ್ನೂ ಗುಣಿಸಿ ಮೂರು ಪಟ್ಟು ಮಾಡಿದರೆ ಗಂಟೆಗೆ ಖರ್ಚಾಗುವ ದ್ರವ ಸರಿಸುಮಾರು ಎಷ್ಟು ಮಿಲಿಲೀಟರ್ ಎಂದು ಸಿಗುತ್ತದೆ. 6 ಲೀಟರ್, 8 ಪ್ರತಿಶತ ಎಂದರೆ ಗಂಟೆಗೆ 144, ನಾಲ್ಕು ನಿಮಿಷಕ್ಕೆ ಸುಮಾರು 10 ಮಿಲಿಲೀಟರ್. ಟ್ಯೂಬ್ ಹಾಕಿದ ಮೇಲೆ ಹರಿವನ್ನು 1 ಲೀಟರ್‌ಗೆ, ಡಯಲ್‌ನ್ನು 2.5ಕ್ಕೆ ಇಳಿಸಿದರೆ ಇಡೀ ಗಂಟೆಗೆ ಏಳೂವರೆ. ದುಡ್ಡು ಪೋಲಾಗುವುದು, ಬಿಟ್ಟ ಉಸಿರು ಹೊರಗೇ ಹೋಗುವ ಜ್ಯಾಕ್ಸನ್ ರೀಸ್ ಸರ್ಕ್ಯೂಟ್‌ನಲ್ಲಿ ಹೆಚ್ಚು ಹರಿವಿನಿಂದ ಕೊನೆಯವರೆಗೂ ನಡೆಸಿದಾಗ. ಮಕ್ಕಳ ಟ್ಯೂಬಿಂಗ್ ಇರುವ, ಬಿಟ್ಟ ಉಸಿರನ್ನು ಶುದ್ಧಮಾಡಿ ಮರಳಿ ಕೊಡುವ ಸರ್ಕಲ್ ಸರ್ಕ್ಯೂಟ್ ಇದ್ದರೆ ಅದಕ್ಕೆ ಬದಲಾಯಿಸಿ.

ನಿಮ್ಮ ವಿಭಾಗದಲ್ಲೇ ಹೋಲಿಸುವುದಾದರೆ

ಪ್ರಬಂಧಕ್ಕೆ ವಿಷಯ ಹುಡುಕುವ ಸ್ನಾತಕೋತ್ತರ ವಿದ್ಯಾರ್ಥಿಗಳು ಈ ಹೋಲಿಕೆಯನ್ನೇ ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಸೆವೋಫ್ಲುರೇನ್ ಕೈಯಲ್ಲಿರುವಾಗ ಅರ್ಧ ಮಕ್ಕಳಿಗೆ ಚೀಟಿ ಎತ್ತಿ ಹ್ಯಾಲೋಥೇನ್ ಕೊಡುವುದನ್ನು ನೈತಿಕ ಸಮಿತಿ ಇಂದು ಒಪ್ಪುವುದು ಕಷ್ಟ, ಒಪ್ಪಲೂಬಾರದು. ಅದರ ಬದಲು ಸೆವೋಫ್ಲುರೇನ್‌ನ್ನೇ ಇಟ್ಟುಕೊಂಡು, ಒಂದು ಗುಂಪಿಗೆ ಪ್ರೊಪೊಫಾಲ್, ಇನ್ನೊಂದಕ್ಕೆ ಅಟ್ರಾಕ್ಯೂರಿಯಂ ಕೊಟ್ಟು ಹೋಲಿಸಿದರೆ ದಿನನಿತ್ಯದ ಕೆಲಸಕ್ಕೂ ಉಪಯೋಗ. ವಯಸ್ಸಿನ ವ್ಯಾಪ್ತಿ ಕಿರಿದಾಗಿರಲಿ, ಏಕೆಂದರೆ ಮೂರು ತಿಂಗಳ ಮತ್ತು ಮೂರು ವರ್ಷದ ಮಕ್ಕಳ ಮ್ಯಾಕ್ ಬೇರೆ. ಟ್ಯೂಬ್ ಹಾಕುವವರು ಒಬ್ಬರೇ ಇರಲಿ. ಔಷಧಿ ಕೊಡುವಾಗ ಅವರು ಹೊರಗಿದ್ದು, ಕರೆದ ಮೇಲೆ ಒಳಬರಲಿ. ದವಡೆಯ ಸಡಿಲತೆ, ಲ್ಯಾರಿಂಗೋಸ್ಕೋಪ್‌ನ ಸಲೀಸು, ಧ್ವನಿತಂತುಗಳ ಸ್ಥಿತಿ, ಕೆಮ್ಮು, ಕೈಕಾಲಿನ ಚಲನೆ ಈ ಐದಕ್ಕೂ ಒಂದರಿಂದ ನಾಲ್ಕರವರೆಗೆ ಅಂಕ ಕೊಡುವ ಹೆಲ್ಬೋ-ಹ್ಯಾನ್ಸನ್ ಪಟ್ಟಿಯನ್ನು ಬಳಸಬಹುದು. ಎಷ್ಟು ಸೆಕೆಂಡಿಗೆ ಮಲಗಿತು ಎಂಬ ಅಂಕಣದ ಪಕ್ಕದಲ್ಲೇ, ಲ್ಯಾರಿಂಗೋಸ್ಕೋಪ್ ಬಾಯಿಗೆ ಹೋದ ಕ್ಷಣದ ಎಂಡ್-ಟೈಡಲ್ ಅಳತೆ, ಆಗಿನ ಹೃದಯ ಬಡಿತ, ಅಲ್ಲಿಂದ ಟ್ಯೂಬ್ ಕುಳಿತು ಕಾರ್ಬನ್ ಡೈಆಕ್ಸೈಡ್ ಗೆರೆ ಕಾಣುವವರೆಗಿನ ಸಮಯ ಇವು ಮೂರಕ್ಕೂ ಅಂಕಣ ಹಾಕಿ, ಒಂದನ್ನೂ ಖಾಲಿ ಬಿಡದೆ ತುಂಬಿ.